ಸವೆದ ಬೆಳ್ಳಿಯ ನಾಣ್ಯಗಳು: ಕರಗಿಸುವುದೋ, ಕಾಪಿಡುವುದೋ?

೧

ನಾಣ್ಯವನ್ನು ಲೋಹವೆಂದು ಎಣಿಸಿದರೆ ತೂಕವೇ ಅದರ ಬೆಲೆ. ಲೇಖವೆಂದು ಎಣಿಸಿದರೆ ಅದರ ಮೇಲಿನ ಮುಖ, ಅಕ್ಷರ, ಗುರುತುಗಳೇ ಅದರ ಬೆಲೆ. ಹೊಸದಾಗಿ ಅಚ್ಚಿನಿಂದ ಹೊರಬಿದ್ದ ನಾಣ್ಯದಲ್ಲಿ ಈ ಎರಡು ಬೆಲೆಗಳೂ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಬಹುಕಾಲ ಕೈಯಿಂದ ಕೈಗೆ ಸಾಗಿ, ತೂಕವು ಕುಂದಿ, ಮುಖವು ಮಾಸಿ, ಅಕ್ಷರಗಳು ನುಣ್ಣಗಾದ ಬೆಳ್ಳಿಯ ನಾಣ್ಯದಲ್ಲಾದರೋ ಎರಡೂ ಕುಂದಿದಂತೆ ತೋರುತ್ತದೆ. ಅಕ್ಕಸಾಲಿಗನು ಅದನ್ನು ಒರೆಗಲ್ಲಿಗೆ ಉಜ್ಜಿ, ಇದರಲ್ಲಿ ಉಳಿದಿರುವುದು ಬೆಳ್ಳಿಯೊಂದೇ ಎನ್ನುತ್ತಾನೆ. ನಾಣ್ಯಗಳನ್ನು ಕೂಡಿಹಾಕುವ ರಸಿಕನೂ ಬಹುಮಟ್ಟಿಗೆ ಅದೇ ಮಾತನ್ನು ಒಪ್ಪಿ, ಅಚ್ಚು ಸ್ಫುಟವಾಗಿರುವುದನ್ನು ಆರಿಸಿಕೊಂಡು ಸವೆದುದನ್ನು ಹಿಂದಕ್ಕೆ ಕೊಡುತ್ತಾನೆ. ಹೀಗೆ ಇಬ್ಬರಿಗೂ ಬೇಡವಾದ ನಾಣ್ಯವು ಮೂಸೆಗೆ ಬೀಳುತ್ತದೆ. ಇದು ಯುಕ್ತವೇ ಎಂಬುದನ್ನು ಇತಿಹಾಸದ ದೃಷ್ಟಿಯಿಂದ ವಿಚಾರಿಸುವುದು ಈ ಲೇಖನದ ಉದ್ದೇಶವಾಗಿದೆ.

ಪೂರ್ವಪಕ್ಷವನ್ನು ಮೊದಲು ನಿಷ್ಪಕ್ಷಪಾತವಾಗಿ ಹೇಳಬೇಕು. ಸವೆದ ನಾಣ್ಯವನ್ನು ಹಿಂದಕ್ಕೆ ತೆಗೆದುಕೊಂಡು ಕರಗಿಸುವುದು ಯಾವ ದೊರೆಯ ಲೋಭದಿಂದಲೂ ಹುಟ್ಟಿದ ಪದ್ಧತಿಯಲ್ಲ. ಅದು ರಾಜಧರ್ಮದ ಒಂದು ಅಂಗವೇ ಆಗಿದ್ದಿತು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಕಂಡುಹಿಡಿದು ೧೯೦೯ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಣ್ಯವನ್ನು ಮಾಡಿಸುವ ಲಕ್ಷಣಾಧ್ಯಕ್ಷನೂ, ನಾಣ್ಯವು ವ್ಯವಹಾರಕ್ಕೂ ಕೋಶಕ್ಕೂ ಯೋಗ್ಯವೇ ಎಂದು ಪರೀಕ್ಷಿಸುವ ರೂಪದರ್ಶಕನೂ ಬೇರೆ ಬೇರೆ ಅಧಿಕಾರಿಗಳಾಗಿ ಕಾಣುತ್ತಾರೆ. ಪರೀಕ್ಷೆಯಿಲ್ಲದೆ ನಾಣ್ಯಕ್ಕೆ ನಂಬಿಕೆಯಿಲ್ಲವೆಂಬುದು ಅಷ್ಟು ಹಿಂದೆಯೇ ತಿಳಿದಿದ್ದ ವಿಷಯ.

ಪರೀಕ್ಷೆಯು ಸರ್ಕಾರದ ಕೈ ತಪ್ಪಿ ಚಿನಿವಾರರ ಕೈ ಸೇರಿದರೆ ಏನಾಗುವುದೆಂಬುದಕ್ಕೆ ಹದಿನೆಂಟನೆಯ ಶತಮಾನದ ಬಂಗಾಳವು ನಿದರ್ಶನವಾಗಿದೆ. ಅಲ್ಲಿ ಹೊಸದಾಗಿ ಒತ್ತಿದ ಸಿಕ್ಕಾ ರೂಪಾಯಿ ನೂರಕ್ಕೆ ಲೆಕ್ಕದ ರೂಪಾಯಿ ೧೧೬ ಸಲ್ಲುತ್ತಿದ್ದವು. ಎರಡನೆಯ ವರ್ಷ ಅದೇ ನೂರಕ್ಕೆ ೧೧೩, ಮೂರನೆಯ ವರ್ಷದಿಂದ ೧೧೧. ನಾಣ್ಯವು ನಿಜವಾಗಿ ಸವೆದಿರಲಿ ಇಲ್ಲದಿರಲಿ, ಅದರ ಮೇಲಿನ ವರ್ಷವನ್ನು ನೋಡಿಯೇ ವಟ್ಟವನ್ನು ಕಳೆಯುತ್ತಿದ್ದರು. ಈ ನಷ್ಟವು ಸಾಹುಕಾರನಿಗೆ ತಟ್ಟಲಿಲ್ಲ. ಕಂದಾಯ ಕಟ್ಟುವ ರೈತನಿಗೂ ಕೂಲಿ ತೆಗೆದುಕೊಳ್ಳುವವನಿಗೂ ತಟ್ಟಿತು. ಈ ಕಿರುಕುಳವನ್ನು ತಪ್ಪಿಸುವುದಕ್ಕಾಗಿ ಕಂಪನಿಯವರು ಎರಡನೆಯ ಷಾ ಆಲಮನ ಆಳಿಕೆಯ ೧೯ನೆಯ ವರ್ಷವನ್ನೇ ಎಲ್ಲ ಸಿಕ್ಕಾ ರೂಪಾಯಿಗಳ ಮೇಲೂ ಸ್ಥಿರವಾಗಿ ಒತ್ತಿಸಿದರು. ತರುವಾಯ ೧೮೩೫ರ ಶಾಸನವು ಕಂಪನಿಯ ಆಳ್ವಿಕೆಯ ಪ್ರದೇಶಕ್ಕೆಲ್ಲ ಒಂದೇ ರೂಪಾಯಿಯನ್ನು ಗೊತ್ತುಮಾಡಿತು: ತೂಕ ೧೮೦ ಗ್ರೇನು, ಅದರಲ್ಲಿ ಶುದ್ಧ ಬೆಳ್ಳಿ ೧೬೫ ಗ್ರೇನು. ೧೯೦೬ರ ನಾಣ್ಯ ಶಾಸನದಲ್ಲಿ, ಗೊತ್ತಾದ ತೂಕಕ್ಕಿಂತ ನೂರಕ್ಕೆ ೨ರಷ್ಟಕ್ಕೂ ಹೆಚ್ಚಾಗಿ ಕುಂದಿದ ರೂಪಾಯಿಯು ಸಲ್ಲತಕ್ಕ ನಾಣ್ಯವಲ್ಲವೆಂದು ವಿಧಿಸಿತು. ಹಗುರಾದ ನಾಣ್ಯವನ್ನು ಸರ್ಕಾರವು ತಾನೇ ಹಿಂತೆಗೆದುಕೊಂಡು ಕರಗಿಸಿ ಪೂರ್ಣ ತೂಕದ ನಾಣ್ಯವನ್ನು ಹೊರಡಿಸುವುದು ಬಡವನಿಗೆ ಮಾಡಿದ ಉಪಕಾರವೇ ಸರಿ.

ಈ ವಾದದಲ್ಲಿ ಹುರುಳಿಲ್ಲವೆಂದು ಯಾರೂ ಹೇಳಲಾರರು. ಆದರೆ ಅದರ ಮೇರೆಯನ್ನು ಗುರುತಿಸಬೇಕು. ಅದು ಪೇಟೆಯಲ್ಲಿ ಸಲ್ಲುತ್ತಿರುವ ನಾಣ್ಯಕ್ಕೆ ಸಂಬಂಧಪಟ್ಟುದು. ಸಲ್ಲುವುದು ನಿಂತುಹೋಗಿ, ನೆಲದಲ್ಲಿಯೋ ಪೆಟ್ಟಿಗೆಯಲ್ಲಿಯೋ ಉಳಿದ ನಾಣ್ಯವು ಹಗುರಾಗಿದ್ದರೆ ಅದರಿಂದ ಯಾರಿಗೂ ಮೋಸವಿಲ್ಲ. ಆದರೂ ‘ಸವೆದುದು ಮೂಸೆಗೆ’ ಎಂಬ ಪೇಟೆಯ ನಿಯಮವನ್ನೇ ನಾವು ಹಳೆಯ ನಾಣ್ಯಗಳಿಗೂ ಅನ್ವಯಿಸುತ್ತ ಬಂದಿದ್ದೇವೆ. ಸವೆತವು ನಾಣ್ಯದ ದೋಷವೆಂಬ ಭಾವನೆಯೇ ಇದಕ್ಕೆ ಮೂಲ. ಇತಿಹಾಸಕಾರನಿಗೆ ಅದು ದೋಷವಲ್ಲ, ಸಾಕ್ಷ್ಯ. ಈ ಮಾತನ್ನು ಕೆಲವು ನಿಧಿಗಳ ಚರಿತ್ರೆಯಿಂದ ಸ್ಥಾಪಿಸಬಹುದು.

೨

ನಮ್ಮ ದೇಶದ ಅತಿ ಪ್ರಾಚೀನ ಬೆಳ್ಳಿಯ ನಾಣ್ಯಗಳು ಮುದ್ರಾಂಕಿತ ನಾಣ್ಯಗಳೆಂದು ಪ್ರಸಿದ್ಧವಾಗಿವೆ. ಬೆಳ್ಳಿಯ ತಗಡನ್ನು ಕತ್ತರಿಸಿ, ತೂಕಕ್ಕೆ ಸರಿಮಾಡಿ, ಸೂರ್ಯ, ಗಿರಿ, ಮರ, ಆನೆ ಮೊದಲಾದ ಗುರುತುಗಳನ್ನು ಬಿಡಿಬಿಡಿಯಾದ ಮೊಳೆಗಳಿಂದ ಒತ್ತಿ ಇವನ್ನು ಮಾಡುತ್ತಿದ್ದರು. ಸಾಧಾರಣವಾಗಿ ಮುಂಬದಿಯಲ್ಲಿ ಐದು ಗುರುತುಗಳಿರುತ್ತವೆ. ಪ್ರಮಾಣವಾದ ತೂಕವು ೩೨ ಗುಲಗಂಜಿ. ರಾಜನ ಹೆಸರಿಲ್ಲ, ಊರಿಲ್ಲ, ವರ್ಷವಿಲ್ಲ. ಓದುವುದಕ್ಕೆ ಒಂದು ಅಕ್ಷರವೂ ಇಲ್ಲದ ಇಂಥ ನಾಣ್ಯಗಳನ್ನು ಕಾಲಕ್ರಮದಲ್ಲಿ ಜೋಡಿಸುವುದು ಹೇಗೆ?

೧೯೨೪ರಲ್ಲಿ ತಕ್ಷಶಿಲೆಯ ಭೀರ್ ದಿಬ್ಬದಲ್ಲಿ ಒಂದು ದೊಡ್ಡ ನಿಧಿಯು ದೊರೆಯಿತು. ಅದರಲ್ಲಿ ಒಂದು ಸಾವಿರಕ್ಕೂ ಮಿಕ್ಕ ಮುದ್ರಾಂಕಿತ ನಾಣ್ಯಗಳ ಜೊತೆಗೆ ಅಲೆಕ್ಸಾಂಡರನ ಎರಡು ನಾಣ್ಯಗಳೂ, ಅವನ ತರುವಾಯ ಪಟ್ಟಕ್ಕೆ ಬಂದ ಫಿಲಿಪ್ ಅರಿಡಿಯಸನ ಒಂದು ನಾಣ್ಯವೂ ಇದ್ದವು. ಈ ಮೂರು ಗ್ರೀಕ್ ನಾಣ್ಯಗಳು ಅಷ್ಟಾಗಿ ಸವೆಯದೆ ಇದ್ದುದರಿಂದ, ನಿಧಿಯನ್ನು ಹೂಳಿದ ಕಾಲವು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಕೊನೆಯ ಭಾಗಕ್ಕೆ ಬಹುದೂರವಿರಲಾರದೆಂದು ತಿಳಿಯಬಂದಿತು. ಗಮನಿಸತಕ್ಕ ಅಂಶವಿದು: ಇಲ್ಲಿ ಕಾಲವನ್ನು ಹೇಳಿದುದು ಅಕ್ಷರವೊಂದೇ ಅಲ್ಲ, ಸವೆತದ ಅಭಾವವೂ ಹೌದು.

ತಕ್ಷಶಿಲೆಯ ಈ ನಾಣ್ಯಗಳ ವಿವರವನ್ನು ವಾಲ್ಷ್ ಎಂಬ ವಿದ್ವಾಂಸರು ಒಂದೊಂದರ ತೂಕದೊಡನೆ ೧೯೩೯ರಲ್ಲಿ ಪ್ರಕಟಿಸಿದರು. ಅದನ್ನು ಆಧರಿಸಿ ಗಣಿತಜ್ಞರಾದ ದಾಮೋದರ ಧರ್ಮಾನಂದ ಕೋಸಂಬಿಯವರು ೧೯೪೦ರ ದಶಕದ ಮೊದಲಲ್ಲಿ ಹೊಸದೊಂದು ಮಾರ್ಗವನ್ನು ತೋರಿಸಿಕೊಟ್ಟರು. ಅವರ ತರ್ಕವು ಸರಳವಾದುದು. ಒಂದೇ ಪ್ರಮಾಣದಲ್ಲಿ ಮಾಡಿದ ನಾಣ್ಯಗಳು ಕೈಯಿಂದ ಕೈಗೆ ಹೋಗುತ್ತ ಸ್ವಲ್ಪ ಸ್ವಲ್ಪವಾಗಿ ತೂಕವನ್ನು ಕಳೆದುಕೊಳ್ಳುತ್ತವೆ. ಒಂದೊಂದು ನಾಣ್ಯವು ಎಷ್ಟು ಸವೆದೀತೆಂಬುದನ್ನು ಹೇಳಲಾಗದು. ಆದರೆ ನೂರಾರು ನಾಣ್ಯಗಳನ್ನು ತೂಗಿ ಸರಾಸರಿಯನ್ನು ತೆಗೆದರೆ, ಹೆಚ್ಚು ಕಾಲ ಸಂಚರಿಸಿದ ಗುಂಪು ಹೆಚ್ಚು ಹಗುರಾಗಿರುವುದು ಕಾಣುತ್ತದೆ. ತೂಕಗಳ ನಡುವಣ ಅಂತರವೂ ಕಾಲಕ್ರಮದಲ್ಲಿ ವಿಸ್ತಾರವಾಗುತ್ತದೆ. ಈ ನ್ಯಾಯವನ್ನು ಪರೀಕ್ಷಿಸುವುದಕ್ಕಾಗಿ ಅವರು ತಮ್ಮ ಕಾಲದಲ್ಲಿ ಸಲ್ಲುತ್ತಿದ್ದ ನಾಣ್ಯಗಳನ್ನೂ ತೂಗಿ ನೋಡಿದರು. ಮುದ್ರಾಂಕಿತ ನಾಣ್ಯಗಳ ಹಿಂಬದಿಯಲ್ಲಿ ಕಾಣುವ ಸಣ್ಣ ಸಣ್ಣ ಗುರುತುಗಳ ಸಂಖ್ಯೆಯು ಹೆಚ್ಚಿದಂತೆ ತೂಕವು ಕಡಮೆಯಾಗುವುದನ್ನೂ ಅವರು ಎತ್ತಿ ತೋರಿಸಿದರು. ಈ ಗುರುತುಗಳು ಕಾಲಕಾಲಕ್ಕೆ ನಾಣ್ಯವನ್ನು ಪರೀಕ್ಷಿಸಿದ ವರ್ತಕರು ಒತ್ತಿದುವೆಂಬುದು ಅವರ ಊಹೆ.

ಈ ಕ್ರಮದಿಂದ ಬಂದ ಎಲ್ಲ ಫಲಗಳನ್ನೂ ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಯಾವ ಗುರುತು ಯಾವ ರಾಜನದೆಂಬುದರಲ್ಲಿ ವಾದವು ಮುಗಿದಿಲ್ಲ. ಆದರೆ ಪ್ರಕೃತಕ್ಕೆ ಬೇಕಾದ ಅಂಶವು ನಿರ್ವಿವಾದವಾದುದು. ತಕ್ಷಶಿಲೆಯ ನಿಧಿಯಲ್ಲಿ ಸ್ಫುಟವಾದ ನೂರು ನಾಣ್ಯಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕವನ್ನು ಕರಗಿಸಿದ್ದರೆ ಈ ವಿಚಾರಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಅಂದವಾದ ನಾಣ್ಯವು ಅಚ್ಚು ಕೊರೆದವನ ಕೈಚಳಕವನ್ನು ಹೇಳುತ್ತದೆ. ಸವೆದ ನಾಣ್ಯವು ಅದನ್ನು ಬಳಸಿದ ಜನರ ವಿಷಯವನ್ನು ಹೇಳುತ್ತದೆ.

೩

ನಾಣ್ಯದ ತೂಕವು ಒಂದು ಸಾಕ್ಷ್ಯವಾದರೆ ಅದರ ಸಹವಾಸವು ಮತ್ತೊಂದು. ಒಂದು ನಾಣ್ಯವು ಯಾವ ಯಾವ ನಾಣ್ಯಗಳೊಡನೆ, ಎಷ್ಟೆಷ್ಟು ಸಂಖ್ಯೆಯಲ್ಲಿ ದೊರೆಯಿತೆಂಬುದು ಅದರ ಮೇಲಿನ ಬರೆವಣಿಗೆಯಷ್ಟೇ ಮುಖ್ಯವಾದುದು. ಇದಕ್ಕೆ ನಾಸಿಕದ ಬಳಿಯ ಜೋಗಳ್‌ಥೇಂಬಿಯ ನಿಧಿಗಿಂತ ಉತ್ತಮವಾದ ಉದಾಹರಣೆಯು ನಮ್ಮ ದೇಶದಲ್ಲಿ ವಿರಳ.

೧೯೦೬ರಲ್ಲಿ ದೊರೆತ ಈ ನಿಧಿಯಲ್ಲಿ ೧೩,೦೦೦ಕ್ಕೂ ಮಿಕ್ಕ ಬೆಳ್ಳಿಯ ನಾಣ್ಯಗಳಿದ್ದವು. ಎಲ್ಲವೂ ಮೂಲತಃ ಕ್ಷಹರಾತ ವಂಶದ ನಹಪಾನನವು. ಮುಂಬದಿಯಲ್ಲಿ ರಾಜನ ಮುಖ, ಹಿಂಬದಿಯಲ್ಲಿ ಬಾಣವೂ ವಜ್ರಾಯುಧವೂ, ಜೊತೆಗೆ ಗ್ರೀಕ್, ಬ್ರಾಹ್ಮೀ, ಖರೋಷ್ಠೀ ಎಂಬ ಮೂರು ಲಿಪಿಗಳಲ್ಲಿ ಬರೆಹ. ಇವುಗಳಲ್ಲಿ ೯,೦೦೦ಕ್ಕೂ ಮಿಕ್ಕ ನಾಣ್ಯಗಳ ಮೇಲೆ, ಹಳೆಯ ಮುದ್ರೆಯ ಮೇಲೆಯೇ, ಗೌತಮೀಪುತ್ರ ಶಾತಕರ್ಣಿಯು ತನ್ನ ಹೆಸರನ್ನೂ ಗಿರಿಯ ಗುರುತನ್ನೂ ಉಜ್ಜಯಿನಿಯ ಗುರುತನ್ನೂ ಒತ್ತಿಸಿದ್ದನು. ಮಿಕ್ಕವು ಹಾಗೆಯೇ ಇದ್ದವು. ರೆವರೆಂಡ್ ಸ್ಕಾಟ್ ಎಂಬವರು ಈ ನಾಣ್ಯಗಳನ್ನು ಪರಿಶೀಲಿಸಿ ವಿವರವನ್ನು ಬೊಂಬಾಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಗೌತಮೀಪುತ್ರನು ಕನ್ನಡನಾಡಿನ ಇತಿಹಾಸಕ್ಕೆ ಹೊರಗಿನವನಲ್ಲ. ಅವನ ನಾಸಿಕದ ಶಾಸನವೊಂದರಲ್ಲಿ ವೈಜಯಂತಿಯ, ಎಂದರೆ ಬನವಾಸಿಯ, ಸೇನೆಯ ಹೆಸರು ಬರುತ್ತದೆಂದು ವಿದ್ವಾಂಸರು ಓದಿರುತ್ತಾರೆ. ಅವನ ತಾಯಿ ಗೌತಮೀ ಬಲಶ್ರೀಯು ನಾಸಿಕದ ಗುಹೆಯಲ್ಲಿ ಬರೆಯಿಸಿದ ಪ್ರಶಸ್ತಿಯು, ಅವನು ಕ್ಷಹರಾತ ವಂಶವನ್ನು ನಿರ್ಮೂಲ ಮಾಡಿದನೆಂದು ಕೊಂಡಾಡುತ್ತದೆ. ಆದರೆ ಅದರಲ್ಲಿ ನಹಪಾನನ ಹೆಸರಿಲ್ಲ. ಸೋತವನು ಯಾರೆಂಬುದನ್ನು ಶಿಲೆಯು ಹೇಳದೆ ಬಿಟ್ಟಿತು, ಬೆಳ್ಳಿಯು ಹೇಳಿತು. ಒಂದೇ ನಾಣ್ಯದ ಮೇಲೆ ಸೋತವನ ಮುಖವೂ ಗೆದ್ದವನ ಹೆಸರೂ ಒಂದರ ಮೇಲೊಂದಾಗಿ ಕಾಣುತ್ತಿರುವಾಗ ಅದಕ್ಕಿಂತ ಬಲವಾದ ಪ್ರಮಾಣವು ಬೇಕೆ?

ಗೌತಮೀಪುತ್ರನ ಅಧಿಕಾರಿಗಳಿಗೆ ನಾವು ವಿಚಾರಿಸುತ್ತಿರುವ ಪ್ರಶ್ನೆಯೇ ಎದುರಾಗಿದ್ದಿರಬೇಕು. ಶತ್ರುವಿನ ಮುಖವುಳ್ಳ ಸಾವಿರಾರು ಹಳೆಯ ನಾಣ್ಯಗಳನ್ನು ಕರಗಿಸಿ ಹೊಸದಾಗಿ ಮಾಡುವುದೋ, ಇದ್ದುದರ ಮೇಲೆಯೇ ಒತ್ತುವುದೋ? ಇತಿಹಾಸದ ಮೇಲಿನ ಪ್ರೀತಿಯಿಂದಲ್ಲ, ಖರ್ಚನ್ನೂ ಕಾಲವನ್ನೂ ಉಳಿಸುವುದಕ್ಕಾಗಿಯೇ ಅವರು ಎರಡನೆಯ ಮಾರ್ಗವನ್ನು ಹಿಡಿದಿರಬೇಕು. ಅವರು ಮೂಸೆಯನ್ನು ಆರಿಸಿಕೊಂಡಿದ್ದರೆ ಗೌತಮೀಪುತ್ರನ ಒಳ್ಳೆಯ ನಾಣ್ಯಗಳು ನಮಗೆ ದೊರೆಯುತ್ತಿದ್ದವು. ಆ ಇಬ್ಬರು ರಾಜರ ಸಂಬಂಧವು ಮಾತ್ರ ದೊರೆಯುತ್ತಿರಲಿಲ್ಲ.

ಮತ್ತೊಂದು ಅಂಶವು ಇದಕ್ಕಿಂತಲೂ ಸೂಕ್ಷ್ಮವಾದುದು. ಈ ನಿಧಿಯಲ್ಲಿ ನಹಪಾನನೂ ಗೌತಮೀಪುತ್ರನೂ ಅಲ್ಲದೆ ಮೂರನೆಯ ರಾಜನೊಬ್ಬನ ಮುದ್ರೆಯೂ ಇಲ್ಲ. ಆದುದರಿಂದಲೇ ಇಬ್ಬರ ನಡುವೆ ಬಹುಕಾಲ ಕಳೆದಿರಲಾರದೆಂದು ವಿದ್ವಾಂಸರು ನಿರ್ಣಯಿಸಿದರು. ‘ಇದೆ’ ಎಂಬುದನ್ನು ಸ್ಥಾಪಿಸಲು ಒಂದು ನಾಣ್ಯವು ಸಾಕು. ‘ಇಲ್ಲ’ ಎಂಬುದನ್ನು ಸ್ಥಾಪಿಸಲು ನಿಧಿಯೆಲ್ಲವೂ ಬೇಕು. ಹತ್ತು ಮಾದರಿಗಳನ್ನು ಉಳಿಸಿಕೊಂಡು ಮಿಕ್ಕವನ್ನು ಎಣಿಸದೆ ಕಳೆದರೆ, ಆ ಕಳೆದವುಗಳಲ್ಲಿ ಏನಿರಲಿಲ್ಲವೆಂಬುದನ್ನು ಮುಂದೆ ಯಾರೂ ಹೇಳಲಾರರು.

೪

ಇನ್ನು ಮೂರನೆಯ ವಿಷಯ. ಕರಗಿಸುವುದು ಎಲ್ಲ ನಾಣ್ಯಗಳನ್ನೂ ಸಮನಾಗಿ ಕಡಮೆ ಮಾಡುವುದಿಲ್ಲ. ಅದು ಆರಿಸಿ ನಾಶಮಾಡುತ್ತದೆ. ಈ ಮಾತನ್ನು ಸ್ಪಷ್ಟಪಡಿಸುವುದಕ್ಕೆ ರೋಮಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕಾಗಿದೆ. ಅಲ್ಲಿ ಕರಗಿಹೋದುದರ ಒಂದು ಪಾಲು ನಮ್ಮ ನೆಲದಲ್ಲಿಯೇ ಉಳಿದಿದೆ.

ರೋಮಿನ ಬೆಳ್ಳಿಯ ನಾಣ್ಯವಾದ ದಿನಾರಿಯಸ್ಸನ್ನು ಮೊದಲು ರೋಮನ್ ಪೌಂಡಿಗೆ ೮೪ರಂತೆ ಒತ್ತುತ್ತಿದ್ದರು. ಕ್ರಿ. ಶ. ೬೪ರ ಸುಮಾರಿಗೆ ನೀರೋ ಚಕ್ರವರ್ತಿಯು ಅದನ್ನು ೯೬ಕ್ಕೆ ಏರಿಸಿದನು. ಬೆಳ್ಳಿಯ ಶುದ್ಧಿಯನ್ನೂ ತಗ್ಗಿಸಿದನು. ಅಂದಿನಿಂದ ನೀರೋವಿಗಿಂತ ಹಿಂದಿನ ನಾಣ್ಯವು ಸವೆದಿದ್ದರೂ ಹೊಸದಕ್ಕಿಂತ ಹೆಚ್ಚು ಬೆಳ್ಳಿಯುಳ್ಳದ್ದಾಗಿರಬಹುದಾಗಿದ್ದಿತು. ಇಂಥ ನಾಣ್ಯಕ್ಕೆ ಮೂಸೆಯ ಭಯ ಹೆಚ್ಚು. ಕ್ರಿ. ಶ. ೯೮ರಿಂದ ೧೧೭ರವರೆಗೆ ಆಳಿದ ಟ್ರೇಜನನು ಸವೆದುಹೋದ ನಾಣ್ಯಗಳನ್ನೆಲ್ಲ ಕರಗಿಸಿದನೆಂದು ಇತಿಹಾಸಕಾರನಾದ ಡಿಯೋ ಕ್ಯಾಸಿಯಸನು ಬರೆದಿದ್ದಾನೆ. ಆ ಚಕ್ರವರ್ತಿಯೇ ಪ್ರಾಚೀನ ಗಣರಾಜ್ಯದ ಕಾಲದ ನಾಣ್ಯಗಳ ಚಿತ್ರಗಳನ್ನು ಅನುಕರಿಸಿ, ತಾನು ಅವನ್ನು ಪುನಃ ಸ್ಥಾಪಿಸಿದೆನೆಂಬ ಬರೆಹದೊಡನೆ ಕೆಲವು ನಾಣ್ಯಗಳನ್ನು ಒತ್ತಿಸಿದನು. ಇವೆರಡು ಕಾರ್ಯಗಳಿಗೂ ಸಂಬಂಧವಿದೆಯೆಂಬುದು ಅನೇಕ ಪಂಡಿತರ ಅಭಿಪ್ರಾಯ. ಹಾಗಿದ್ದ ಪಕ್ಷದಲ್ಲಿ, ಹಳೆಯ ನಾಣ್ಯವನ್ನು ಮೂಸೆಗೆ ಹಾಕುವ ಮುನ್ನ ಅದರ ರೂಪವನ್ನು ಉಳಿಸಬೇಕೆಂಬ ಎಚ್ಚರವು ಆ ಚಕ್ರವರ್ತಿಗೂ ಇದ್ದಿತೆನ್ನಬೇಕು.

ಈ ಕರಗುವಿಕೆಯಿಂದ ತಪ್ಪಿಸಿಕೊಂಡ ಹಳೆಯ ನಾಣ್ಯಗಳು ಯಾವುವು? ಮಾರ್ಕ್ ಆಂಟನಿಯು ತನ್ನ ಸೈನ್ಯಕ್ಕಾಗಿ ಒತ್ತಿಸಿದ, ಬೆರಕೆ ಹೆಚ್ಚಾದ ನಾಣ್ಯಗಳು. ಅವುಗಳಲ್ಲಿ ಬೆಳ್ಳಿಯು ಕಡಮೆಯಾಗಿದ್ದುದರಿಂದ ಕರಗಿಸುವವನಿಗೆ ಲಾಭವಿರಲಿಲ್ಲ. ಅವು ಎರಡು ಶತಮಾನಗಳಿಗೂ ಮೀರಿ ಪೇಟೆಯಲ್ಲಿ ಅಲೆದು, ಮುಖವೆಲ್ಲ ಅಳಿಸಿಹೋದ ಸ್ಥಿತಿಯಲ್ಲಿ ಇಂದು ದೊರೆಯುತ್ತವೆ. ಒಳ್ಳೆಯವು ಕರಗಿ ಕೆಟ್ಟವು ಉಳಿದವು. ಉಳಿದುದನ್ನು ಮಾತ್ರ ನೋಡಿ ಇದ್ದುದನ್ನು ಊಹಿಸುವವನು ಮೋಸಹೋಗುವುದು ಹೀಗೆ.

ಆದರೆ ಒಳ್ಳೆಯವುಗಳಲ್ಲಿ ಒಂದು ಭಾಗವು ಸಮುದ್ರವನ್ನು ದಾಟಿದ್ದಿತು. ೧೮೯೧ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ೧೬೩ ರೋಮನ್ ಬೆಳ್ಳಿಯ ನಾಣ್ಯಗಳು ದೊರೆತವು; ಆಗಸ್ಟಸನಿಂದ ಕ್ಲಾಡಿಯಸನವರೆಗಿನ ಚಕ್ರವರ್ತಿಗಳವು, ಎಂದರೆ ನೀರೋವಿಗಿಂತ ಹಿಂದಿನವು. ೧೯೬೫ರಲ್ಲಿ ಅದೇ ನಗರದ ವಿಮಾನ ಕಾರ್ಖಾನೆಯ ಪ್ರದೇಶದಲ್ಲಿ ೨೫೬ ನಾಣ್ಯಗಳ ಮತ್ತೊಂದು ನಿಧಿ ದೊರೆಯಿತು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿಯೂ ರೋಮನ್ ಬೆಳ್ಳಿಯ ನಾಣ್ಯವು ಸಿಕ್ಕಿದೆ. ಕನ್ನಡನಾಡು ಮಧ್ಯಯುಗದಲ್ಲಿ ಬಹುಮಟ್ಟಿಗೆ ಹೊನ್ನಿನ ನಾಡು. ಶಾಸನಗಳಲ್ಲಿ ಗದ್ಯಾಣ, ಹೊನ್ನು, ಪಣಗಳೇ ಹೆಚ್ಚಾಗಿ ಕಾಣುತ್ತವೆ. ಅದಕ್ಕೂ ಮುಂಚಿನ ಕಾಲದಲ್ಲಿ ಇಲ್ಲಿಗೆ ಬಂದ ಬೆಳ್ಳಿಯ ಒಂದೊಂದು ನಿಧಿಯೂ ಒಂದೊಂದು ವ್ಯಾಪಾರಮಾರ್ಗದ ಗುರುತಾಗಿದೆ.

ಈ ನಾಣ್ಯಗಳು ಇಲ್ಲಿಗೆ ಬಂದುದು ಯಾವಾಗ ಎಂಬ ಪ್ರಶ್ನೆಗೂ ಸವೆತವೇ ಸಾಕ್ಷಿಯಾಗಬೇಕಾಗಿದೆ. ನಾಣ್ಯದ ಮೇಲಿನ ಚಕ್ರವರ್ತಿಯ ಕಾಲವೇ ಅದು ಬಂದ ಕಾಲವೆಂದು ಹೇಳಲಾಗದು. ಹಳೆಯ ನಾಣ್ಯವು ಬಹುಕಾಲ ಸಲ್ಲುವುದುಂಟು. ಕ್ರಿಸ್ತಶಕ ಒಂದನೆಯ ಶತಮಾನದ ‘ಎರಿಥ್ರಿಯನ್ ಸಮುದ್ರದ ಪೆರಿಪ್ಲಸ್’ ಎಂಬ ಗ್ರಂಥವು, ಅಪೊಲೊಡೋಟಸ್, ಮೆನಾಂಡರ್ ಎಂಬ ಯವನರಾಜರ ಹಳೆಯ ದ್ರಮ್ಮಗಳು ತನ್ನ ಕಾಲದಲ್ಲಿಯೂ ಭರುಕಚ್ಛದಲ್ಲಿ ಸಲ್ಲುತ್ತಿದ್ದವೆಂದು ಹೇಳುತ್ತದೆ. ಆ ವೇಳೆಗೆ ಮೆನಾಂಡರನು ತೀರಿಹೋಗಿ ಸುಮಾರು ಎರಡು ಶತಮಾನಗಳಾಗಿದ್ದವು. ಇಂತಿರಲು ಯಶವಂತಪುರದ ಟೈಬೀರಿಯಸನ ನಾಣ್ಯವು ಅವನ ಕಾಲದಲ್ಲಿಯೇ ಹಡಗನ್ನೇರಿತೋ, ಅಥವಾ ರೋಮಿನ ಪೇಟೆಯಲ್ಲಿ ತಲೆಮಾರುಗಳ ಕಾಲ ತಿರುಗಿ, ಒಳ್ಳೆಯ ಬೆಳ್ಳಿಯೆಂಬ ಕಾರಣದಿಂದ ಆರಿಸಲ್ಪಟ್ಟು ಇಲ್ಲಿಗೆ ಬಂದಿತೋ ಎಂಬುದನ್ನು ತಿಳಿಯಬೇಕಾದರೆ ಒಂದೊಂದು ನಾಣ್ಯದ ಸವೆತವನ್ನೂ ತೂಕವನ್ನೂ ನೋಡಬೇಕು. ಸವೆದವನ್ನು ಕಳೆದುಬಿಟ್ಟರೆ ಎಲ್ಲವೂ ಹೊಸದಾಗಿಯೇ ಬಂದವೆಂಬ ಸುಳ್ಳಾದ ಉತ್ತರವು ತಾನಾಗಿಯೇ ಏರ್ಪಡುತ್ತದೆ.

೫

ಇದುವರೆಗೆ ಪ್ರಾಚೀನ ನಿಧಿಗಳ ವಿಷಯವಾಯಿತು. ಇತ್ತೀಚಿನ, ಕೋಟಿಗಟ್ಟಲೆಯಾಗಿ ಒತ್ತಿದ ರೂಪಾಯಿಗಳಿಗೂ ಈ ನ್ಯಾಯವು ಸಲ್ಲುವುದೇ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿ ನೋಟುಗಳನ್ನು ಕೊಟ್ಟು ರೂಪಾಯಿಗಳನ್ನು ಕೇಳುವವರು ಹೆಚ್ಚಿ, ಸರ್ಕಾರಕ್ಕೆ ಬೆಳ್ಳಿಯು ಸಾಲದೆ ಹೋಯಿತು. ಆಗ ಅಮೆರಿಕದವರು ೧೯೧೮ರಲ್ಲಿ ಪಿಟ್‌ಮನ್ ಶಾಸನವನ್ನು ಮಾಡಿ ತಮ್ಮ ಖಜಾನೆಯಲ್ಲಿದ್ದ ಬೆಳ್ಳಿಯ ಡಾಲರುಗಳನ್ನು ಕರಗಿಸಿದರು. ಕರಗಿದ ಡಾಲರುಗಳ ಸಂಖ್ಯೆ ೨೭,೦೨,೩೨,೭೨೨. ಆ ಬೆಳ್ಳಿಯ ಬಹುಭಾಗವನ್ನು ಬ್ರಿಟನ್ನಿಗೆ ಮಾರಿದರು. ಅದು ಭಾರತಕ್ಕೆ ಬಂದು ರೂಪಾಯಿಯಾಯಿತು. ಯುದ್ಧದ ಆಪತ್ಕಾಲದಲ್ಲಿ ಇದನ್ನು ತಪ್ಪೆಂದು ಹೇಳಲಾಗದು. ಆದರೆ ಕರಗಿಸುವಾಗ ಯಾವ ವರ್ಷದ, ಯಾವ ಟಂಕಸಾಲೆಯ ನಾಣ್ಯಗಳು ಎಷ್ಟೆಷ್ಟು ಎಂಬ ಪಟ್ಟಿಯನ್ನು ಇಡಲಿಲ್ಲ. ಒತ್ತಿದ ಸಂಖ್ಯೆಯು ದಾಖಲೆಯಲ್ಲಿದೆ. ಉಳಿದ ಸಂಖ್ಯೆಯನ್ನು ಊಹಿಸಬೇಕಾಗಿದೆ. ಬೆಳ್ಳಿಯ ಲೆಕ್ಕವು ಕಟ್ಟುನಿಟ್ಟಾಗಿ ಉಳಿಯಿತು, ನಾಣ್ಯದ ಲೆಕ್ಕವು ಹೋಯಿತು.

ಆ ರೂಪಾಯಿಗಳ ಗತಿಯೂ ಮುಂದೆ ಅದೇ ಆಯಿತು. ೧೯೪೦ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದ ತರುವಾಯ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿದ್ದ ಹಳೆಯ ರೂಪಾಯಿಗಳನ್ನು ಹಿಂತೆಗೆದುಕೊಂಡರು. ೧೯೪೧ರಲ್ಲಿ ವಿಕ್ಟೋರಿಯಾ ರಾಣಿಯವು, ೧೯೪೨ರಲ್ಲಿ ಏಳನೆಯ ಎಡ್ವರ್ಡನವು, ೧೯೪೩ರಲ್ಲಿ ಐದನೆಯ ಮತ್ತು ಆರನೆಯ ಜಾರ್ಜರವು ಸಲ್ಲುವುದು ನಿಂತಿತು. ೧೯೪೭ರಲ್ಲಿ ಬೆಳ್ಳಿಯಿಲ್ಲದ ನಿಕ್ಕಲಿನ ರೂಪಾಯಿಯು ಬಂದಿತು.

ಇಂಥ ಸಾಮಾನ್ಯ ರೂಪಾಯಿಗಳಲ್ಲಿಯೂ ನೋಡತಕ್ಕ ವಿಷಯಗಳಿದ್ದವು. ೧೮೬೨ ಎಂಬ ಇಸವಿಯನ್ನು ಅನೇಕ ವರ್ಷಗಳವರೆಗೆ ಬದಲಾಯಿಸದೆ ಒತ್ತಿದರು. ಬೊಂಬಾಯಿಯ ನಾಣ್ಯಗಳಲ್ಲಿ ಇಸವಿಯ ಬಳಿ ಕಾಣುವ ಸಣ್ಣ ಚುಕ್ಕಿಗಳು ನಿಜವಾಗಿ ಒತ್ತಿದ ವರ್ಷದ ಗುರುತೆಂದು ನಾಣ್ಯಶಾಸ್ತ್ರಜ್ಞರು ಎಣಿಸುತ್ತಾರೆ. ಖಜಾನೆಗೆ ಬಂದ ರೂಪಾಯಿಗಳನ್ನು ಇಸವಿವಾರಾಗಿ ಎಣಿಸಿ, ದೇಶದಲ್ಲಿ ಎಷ್ಟು ರೂಪಾಯಿ ಸಂಚರಿಸುತ್ತಿದೆಯೆಂದು ಹ್ಯಾರಿಸನ್, ಆಟ್ಕಿನ್‌ಸನ್ ಎಂಬವರು ಲೆಕ್ಕಹಾಕಿದರು. ಕೇನ್ಸ್ ಪಂಡಿತರು ೧೯೧೩ರ ತಮ್ಮ ಗ್ರಂಥದಲ್ಲಿ ಅದನ್ನು ಚರ್ಚಿಸಿದರು. ಸವೆದ ಹಳೆಯ ರೂಪಾಯಿಯು ಅರ್ಥಶಾಸ್ತ್ರಜ್ಞನಿಗೂ ಸಾಕ್ಷಿಯಾಗಿದ್ದಿತು.

ಹಾಗಾದರೆ ಒಂದೊಂದು ವಿಕ್ಟೋರಿಯಾ ರೂಪಾಯಿಯನ್ನೂ ಕಾಪಿಡಬೇಕೆ? ಹಾಗೆ ಹೇಳುವುದು ಉಚಿತವಲ್ಲ. ಎಲ್ಲವನ್ನೂ ಇಡಬೇಕೆಂಬ ವಿಧಿಯನ್ನು ಯಾರೂ ನಡಸಲಾರರು. ನಡಸಲಾಗದ ವಿಧಿಯಿಂದ ಇಡಲೇಬೇಕಾದುದೂ ಹಾಳಾಗುತ್ತದೆ. ನಿರ್ಣಯಿಸುವುದಕ್ಕೆ ಒಂದೇ ಒರೆಗಲ್ಲು ಸಾಕು: ಈ ನಾಣ್ಯವು ಹೋದರೆ ಅದರೊಡನೆ, ಬೇರೆಲ್ಲಿಯೂ ಬರೆದಿರದ ಯಾವ ಸಂಗತಿಯು ಹೋಗುತ್ತದೆ? ನೆಲದಿಂದ ಎದ್ದ ನಿಧಿಯಲ್ಲಿ ಪ್ರತಿಯೊಂದು ನಾಣ್ಯಕ್ಕೂ ತೂಕವೂ ಸಹವಾಸವೂ ಸಂಖ್ಯೆಯೂ ಇವೆ. ಅವು ಬೇರೆಲ್ಲಿಯೂ ಬರೆದಿಲ್ಲ. ಆದುದರಿಂದ ಅದರಲ್ಲಿ ಒಂದನ್ನೂ ಕರಗಿಸತಕ್ಕುದಲ್ಲ. ಸಂತೆಯಲ್ಲಿ ಕೊಂಡ, ಎಲ್ಲಿಂದ ಬಂದಿತೆಂಬುದು ತಿಳಿಯದ, ಇಸವಿಯೂ ಗುರುತೂ ಅಳಿಸಿಹೋದ ರೂಪಾಯಿಯಲ್ಲಿ ಅಂಥ ಸಂಗತಿಯು ಅತ್ಯಲ್ಪ. ಅದನ್ನು ತೂಗಿ, ನೋಡಿ, ಬರೆದಿಟ್ಟ ಮೇಲೆ ಅದರ ಒಡೆಯನು ಬಳೆ ಮಾಡಿಸಿದರೆ ಇತಿಹಾಸಕ್ಕೆ ದೊಡ್ಡ ನಷ್ಟವಿಲ್ಲ. ಲಂಬಾಣಿ ಹೆಂಗಸಿನ ಕೊರಳ ಸರದಲ್ಲಿ ಕೊಂಡಿ ಬೆಸೆದಿರುವ ರೂಪಾಯಿಯು ಸಂಗ್ರಾಹಕನ ಕಣ್ಣಿಗೆ ಕೆಟ್ಟ ನಾಣ್ಯ. ಆದರೆ ಆ ಸರವು ಇದ್ದಂತೆಯೇ ಇದ್ದರೆ ಅದೂ ಒಂದು ನಿಧಿಯೇ. ರೂಪಾಯಿಯು ಹಣವಾಗಿ ಸತ್ತು ಒಡವೆಯಾಗಿ ಬದುಕಿದ ಬಗೆಯನ್ನು ಅದು ತಿಳಿಸುತ್ತದೆ.

೬

ಇನ್ನು ಈ ವಿಷಯದಲ್ಲಿ ಕಾಯಿದೆಯು ಏನು ಮಾಡಿದೆಯೆಂಬುದನ್ನು ನೋಡೋಣ. ೧೮೭೮ರ ನಿಧಿ ಕಾಯಿದೆಯಂತೆ ೧೦ ರೂಪಾಯಿಗೆ ಮೇಲ್ಪಟ್ಟ ಬೆಲೆಯ ನಿಧಿಯು ದೊರೆತರೆ ಕಲೆಕ್ಟರಿಗೆ ತಿಳಿಸಬೇಕು. ಸರ್ಕಾರವು ಅದನ್ನು ತೆಗೆದುಕೊಳ್ಳುವ ಪಕ್ಷದಲ್ಲಿ ಲೋಹದ ಬೆಲೆಯನ್ನೂ, ಅದರ ಮೇಲೆ ಐದರಲ್ಲಿ ಒಂದು ಪಾಲನ್ನೂ ಕೊಡಬೇಕೆಂದು ಅದರಲ್ಲಿ ವಿಧಿಸಿದೆ. ಕರ್ನಾಟಕಕ್ಕೆ ೧೯೬೨ರಲ್ಲಿ ಪ್ರತ್ಯೇಕವಾದ ನಿಧಿ ಶಾಸನವಾಯಿತು. ೧೯೭೨ರ ಪ್ರಾಚೀನ ವಸ್ತುಗಳ ಶಾಸನವು ನೂರು ವರ್ಷಕ್ಕೆ ಕಡಮೆಯಿಲ್ಲದ ನಾಣ್ಯವನ್ನು ಪ್ರಾಚೀನ ವಸ್ತುಗಳಲ್ಲಿ ಸೇರಿಸಿತು.

೧೮೭೮ರ ವಿಧಿಯ ಒಳಗಿರುವ ತತ್ತ್ವವನ್ನು ಗಮನಿಸಬೇಕು. ಲೋಹಕ್ಕೆ ಪೂರ್ಣ ಬೆಲೆ. ಇತಿಹಾಸಕ್ಕೆ ಐದರಲ್ಲಿ ಒಂದು ಪಾಲು. ಹೊಲವನ್ನು ಉಳುವಾಗ ಗಡಿಗೆಯು ಸಿಕ್ಕಿದವನು, ಕಚೇರಿಗೆ ಅಲೆದು ಈ ಒಂದು ಪಾಲನ್ನು ಪಡೆಯುವುದಕ್ಕಿಂತ ಅದೇ ಸಂಜೆ ಅಕ್ಕಸಾಲಿಗನ ಬಳಿಗೆ ಹೋಗುವುದನ್ನೇ ಮೇಲೆಂದು ಎಣಿಸಿದರೆ ಆಶ್ಚರ್ಯವೇನು? ಅವನನ್ನು ಅಜ್ಞಾನಿಯೆಂದು ಹಳಿಯುವುದರಿಂದ ಒಂದು ನಾಣ್ಯವೂ ಉಳಿಯುವುದಿಲ್ಲ. ಮತ್ತು ದೋಷವೆಲ್ಲವೂ ಅವನದೇ ಅಲ್ಲ. ವಸ್ತುಶಾಲೆಗಳಿಗಾಗಿ ಒಳ್ಳೆಯ ಮಾದರಿಗಳನ್ನು ಆರಿಸಿಕೊಂಡು ಒಂದೇ ಬಗೆಯ ಮಿಕ್ಕ ನಾಣ್ಯಗಳನ್ನು ಹಂಚುವ, ಮಾರುವ ಪದ್ಧತಿಯು ಬಲ್ಲವರಲ್ಲಿಯೇ ಬಹುಕಾಲ ನಡೆದುಬಂದಿತು. ‘ಒಂದೇ ಬಗೆಯವು’ ಎಂಬ ಮಾತೇ ಸರಿಯಾದುದಲ್ಲ. ಅಚ್ಚು ಒಂದೇ ಆಗಿರಬಹುದು. ಎರಡು ಸವೆದ ನಾಣ್ಯಗಳು ಎಂದಿಗೂ ಒಂದೇ ಅಲ್ಲ.

ಮೇಲಿನ ವಿಚಾರದಿಂದ ಕೆಲವು ನಿಯಮಗಳು ತಾವಾಗಿ ಒದಗುತ್ತವೆ. ನಿಧಿಯು ದೊರೆತೊಡನೆ ನಾಣ್ಯಗಳನ್ನು ಆರಿಸುವುದಕ್ಕೂ ತೊಳೆಯುವುದಕ್ಕೂ ಮೊದಲು ಎಣಿಸಬೇಕು. ಹುಣಿಸೆಯ ಹುಳಿ ಬೂದಿಗಳಿಂದ ಉಜ್ಜಿದರೆ ಕೊಳೆಯೊಡನೆ ತೂಕವೂ ಹೋಗುತ್ತದೆ. ಒಂದೊಂದನ್ನೂ ಬೇರೆಯಾಗಿ ತೂಗಿ ಬರೆದು, ಎರಡು ಬದಿಗಳ ಚಿತ್ರವನ್ನೂ ತೆಗೆದಿಡಬೇಕು; ಈಗ ಇದು ಹಿಂದಿನಂತೆ ದುಬಾರಿಯಾದ ಕೆಲಸವಲ್ಲ. ನಿಧಿಯನ್ನು ಒಡೆಯದೆ ಒಂದೇ ಕಡೆ ಇಡಬೇಕು. ಹಂಚುವುದು ಅನಿವಾರ್ಯವಾದರೆ ಪೂರ್ಣವಾದ ಪಟ್ಟಿಯು ಪ್ರಕಟವಾದ ಮೇಲೆಯೇ ಹಂಚಬೇಕು. ಕಂಡುಹಿಡಿದವನಿಗೆ ಅಕ್ಕಸಾಲಿಗನು ಕೊಡುವುದಕ್ಕಿಂತ ಹೆಚ್ಚು ಬೆಲೆಯು ಬೇಗನೆ ದೊರೆಯಬೇಕು. ಇಷ್ಟನ್ನು ಮಾಡಿದ ಮೇಲೆ ಕರಗಿಸಲು ಉಳಿಯುವುದು, ಹೇಳತಕ್ಕುದನ್ನೆಲ್ಲ ಹೇಳಿ ಮುಗಿಸಿದ ನಾಣ್ಯ ಮಾತ್ರ.

ಈ ಕಾರ್ಯದಲ್ಲಿ ಊರೂರಿನ ಉಪಾಧ್ಯಾಯರ ಸಹಾಯವು ಬಹಳ ಬೇಕಾಗಿದೆ. ಗಡಿಗೆಯು ದೊರೆತ ಸುದ್ದಿಯು ಇಲಾಖೆಗೆ ಮುಟ್ಟುವುದಕ್ಕೆ ಮೊದಲು ಪಾಠಶಾಲೆಗೆ ಮುಟ್ಟುವುದುಂಟು. ಶಾಸನವುಳ್ಳ ಕಲ್ಲನ್ನು ಒಗೆಯುವ ಬಂಡೆಯಾಗಿಯೋ ಮೆಟ್ಟಿಲಾಗಿಯೋ ಬಳಸಬಾರದೆಂಬ ತಿಳಿವಳಿಕೆಯು ಕನ್ನಡನಾಡಿನ ಹಳ್ಳಿಗಳಲ್ಲಿ ಈಗ ಸಾಕಷ್ಟು ಹರಡಿದೆ. ಅದು ಉಪಾಧ್ಯಾಯರೂ ಪಂಡಿತರೂ ಊರೂರಿಗೆ ಹೋಗಿ ಹೇಳಿದುದರ ಫಲ. ಅಕ್ಷರವಿರುವ ಕಲ್ಲಿಗೆ ಸಂದ ಈ ಗೌರವವು ಅಕ್ಷರವಳಿದ ಬೆಳ್ಳಿಗೂ ಸಲ್ಲಬೇಕು. ಮುಕ್ಕಾದ ಶಾಸನವನ್ನು ನಾವು ಮುಕ್ಕಾಯಿತೆಂದು ಪುಡಿಮಾಡುವುದಿಲ್ಲ. ಉಳಿದ ಅಕ್ಷರಗಳನ್ನು ಓದಿಕೊಳ್ಳುತ್ತೇವೆ. ಸವೆದ ನಾಣ್ಯವನ್ನು ಓದುವುದಕ್ಕೆ ಕಣ್ಣಿನ ಜೊತೆಗೆ ತಕ್ಕಡಿಯೂ ಬೇಕು, ಅಷ್ಟೇ ವ್ಯತ್ಯಾಸ.